ಮೆಣಸಿನ ಘಮದ ಜಾಡು: ಸಿರಾ ವೈನ್ ಆರಿಸುವವರಿಗೆ ಎಂಟು ಪಾಠ

ನನ್ನೂರು ಆಂಧ್ರದ ಗಡಿಯೊಳಗಿನ ಬೊಮ್ಮನಹಾಳ್. ಒಂದು ಕಡೆ ತುಂಗಭದ್ರೆಯ ಎಚ್.ಎಲ್.ಸಿ. ಕಾಲುವೆಯ ನೀರು, ಇನ್ನೊಂದು ಕಡೆ ವೇದಾವತಿ ದಡದ ಮರಳುದಿಬ್ಬ, ನೆತ್ತಿಯ ಮೇಲೆ ಬಳ್ಳಾರಿ ಸೀಮೆಯ ಬಿಸಿಲು. ಇಂಥ ಊರಿನವನು ಬೆಂಗಳೂರಿನ ಹೋಟೆಲುಗಳಿಗೆ ವೈನ್ ಆರಿಸಿಕೊಡುವ ಕೆಲಸಕ್ಕೆ ಬಿದ್ದದ್ದು, ಅದರಲ್ಲೂ ತಂಪು ಸೀಮೆಯಲ್ಲಿ ಬೆಳೆದ ಸಿರಾ ಎಂಬ ದ್ರಾಕ್ಷಿಯ ವೈನಿನ ಬೆನ್ನು ಹತ್ತಿದ್ದು ಊರವರಿಗೆ ಇವತ್ತಿಗೂ ತಮಾಷೆ. "ಅಷ್ಟು ದುಡ್ಡು ಕೊಟ್ರೆ ಕಿಕ್ಕಾದ್ರೂ ಬರ್ತದೇನಪ್ಪಾ?" ಎಂದು ಮಾವ ಕೇಳುತ್ತಾನೆ. ಕೊಟ್ಟ ದುಡ್ಡಿಗೆ ಏನು ಬಂತು ಎಂದು ಕೇಳುವುದು ಸರಿಯೇ. ಆದರೆ ಸಿರಾದಲ್ಲಿ ಅದಕ್ಕೆ ಉತ್ತರ ಕಿಕ್ಕಿನಲ್ಲಿಲ್ಲ, ಹಣ್ಣು ಎಷ್ಟು ನಿಧಾನವಾಗಿ ಮಾಗಿತು ಎಂಬುದರಲ್ಲಿದೆ. ಅದನ್ನು ಗುರುತಿಸಲು ಕೆಲಸ ಕಲಿಸಿದ ಪಾಠಗಳು ಇವು.

1. ಹಗಲಿನ ಬಿಸಿಲಿಗಿಂತ ರಾತ್ರಿಯ ತಂಪು ನೋಡಿ

ದ್ರಾಕ್ಷಿಗೆ ಸಕ್ಕರೆ ಕೊಡುವುದು ಬಿಸಿಲು, ಹುಳಿ ಉಳಿಸುವುದು ತಂಪು ರಾತ್ರಿ. ಹುಳಿ ಹೋದರೆ ವೈನ್ ಸಪ್ಪೆ. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸುಮಾರು 6.5 ಡಿಗ್ರಿ ತಂಪಾಗುತ್ತದೆ. ಹಾಗಾಗಿ ತೋಟದ ಎತ್ತರ ಮೊದಲು ಕೇಳಬೇಕಾದ ಪ್ರಶ್ನೆ. ನಮ್ಮ ದಖ್ಖನ್ನು ಪುಸ್ತಕದ ಲೆಕ್ಕದಲ್ಲಿ ತಂಪು ಸೀಮೆಯಲ್ಲ. ಆದರೆ ಇಲ್ಲಿನ ರೈತರು ಬಳ್ಳಿಯನ್ನು ಏಪ್ರಿಲ್‌ನಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ ಸವರುತ್ತಾರೆ. ಬಿಜಾಪುರದ ಕಡೆ ಇದನ್ನು ಚಾಟನಿ ಎನ್ನುತ್ತಾರೆ. ಎರಡನೇ ಚಾಟನಿಯ ಫಸಲು ಚಳಿಗಾಲದಲ್ಲಿ ಬೆಳೆದು ಫೆಬ್ರವರಿ–ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಬ್ರೆಜಿಲ್‌ನ ಮಿನಾಸ್ ಜೆರೈಸ್‌ನಲ್ಲಿಯೂ ಎರಡು ಸಲ ಸವರಿ, ಸಿರಾ ಚಳಿಗಾಲದಲ್ಲೇ ಮಾಗುವಂತೆ ಮಾಡುತ್ತಾರೆ.

2. ಮೆಣಸಿನ ಘಮ ಹುಡುಕಿ, ಸಿಗದಿದ್ದರೆ ಗಾಬರಿ ಬೇಡ

ತಂಪಿನಲ್ಲಿ ಮಾಗಿದ ಸಿರಾವನ್ನು ಲೋಟಕ್ಕೆ ಬಗ್ಗಿಸಿದ ಕೂಡಲೇ ಕರಿಮೆಣಸು ಕುಟ್ಟಿದ ವಾಸನೆ ಬರುತ್ತದೆ. ಇದು ಬರೀ ವರ್ಣನೆಯಲ್ಲ. ರೋಟಂಡೋನ್ ಎಂಬ ಒಂದೇ ವಸ್ತು ಮೆಣಸಿನಲ್ಲೂ ಸಿರಾದಲ್ಲೂ ಇದೆ ಎಂದು ಆಸ್ಟ್ರೇಲಿಯಾದ ವೈನ್ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಒಂದು ಲೀಟರ್ ಕೆಂಪು ವೈನ್‌ನಲ್ಲಿ 16 ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ತಂಪು ತೋಟ, ತಂಪು ವರ್ಷಗಳಲ್ಲಿ ಇದರ ಪ್ರಮಾಣ ಹೆಚ್ಚು. ಆ ಸಂಶೋಧಕರು ನಡೆಸಿದ ಪರೀಕ್ಷೆಯಲ್ಲಿ ಐವರಲ್ಲಿ ಒಬ್ಬರಿಗೆ, ಪರೀಕ್ಷಿಸಿದ ಅತಿ ಹೆಚ್ಚಿನ ಪ್ರಮಾಣದಲ್ಲೂ, ಈ ವಾಸನೆ ತಿಳಿಯಲೇ ಇಲ್ಲ. ಆದ್ದರಿಂದ ಆರಿಸುವಾಗ ಪಕ್ಕದಲ್ಲಿ ಇನ್ನೊಂದು ಮೂಗು ಇರಲಿ.

3. ಹೆಸರಾಂತ ಗುಡ್ಡ ಬಿಟ್ಟು ಪಕ್ಕದ ಊರಿಗೆ ಹೋಗಿ

ಸಿರಾದ ತವರು ಫ್ರಾನ್ಸಿನ ರೋನ್ ನದಿಯ ಉತ್ತರ ಭಾಗ. ಅಲ್ಲಿನ ಹರ್ಮಿಟಾಜ್ ಗುಡ್ಡದ ತೋಟವೆಲ್ಲ ಸೇರಿದರೂ ಸುಮಾರು 135 ಹೆಕ್ಟೇರ್. ಕೊಳ್ಳುವವರು ಜಗತ್ತಿನ ತುಂಬ, ಬೆಲೆ ಆಕಾಶಕ್ಕೆ. ಅದೇ ಗುಡ್ಡವನ್ನು ಸುತ್ತುವರಿದ ಕ್ರೋಜ್-ಹರ್ಮಿಟಾಜ್ ಅದರ ಹತ್ತು ಪಟ್ಟಿಗಿಂತಲೂ ದೊಡ್ಡದು. ಹೊಳೆಯ ಆಚೆ ಸೇಂಟ್ ಜೋಸೆಫ್. ತಳಿ ಅದೇ, ನದಿಯೂ ಅದೇ, ಬೆಲೆ ಮಾತ್ರ ಎಷ್ಟೋ ಕಡಿಮೆ. ಒಳ್ಳೆಯ ತಯಾರಕನ ಕ್ರೋಜ್ ಸಿಕ್ಕರೆ ಹೆಸರಿನ ಆಸೆಗೆ ಗುಡ್ಡ ಹತ್ತಬೇಡಿ.

4. ಬೆಲೆಯಲ್ಲಿ ವೈನ್ ಎಷ್ಟು, ಸುಂಕ ಎಷ್ಟು ಎಂದು ಲೆಕ್ಕ ಹಾಕಿ

ಭಾರತದಲ್ಲಿ ವಿದೇಶಿ ವೈನ್ ಮೇಲೆ ಬಹುಕಾಲ ಶೇ. 150ರಷ್ಟು ಆಮದು ಸುಂಕ ಇತ್ತು. ಅದರ ಮೇಲೆ ರಾಜ್ಯದ ತೆರಿಗೆ. 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದ ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದ ಅಲ್ಲಿನ ವೈನ್ ಮಟ್ಟಿಗೆ ಈ ಲೆಕ್ಕವನ್ನು ಬದಲಿಸಿತು. ಬಂದರಿನಲ್ಲಿ 5 ಅಮೆರಿಕನ್ ಡಾಲರ್ ಮೀರಿದ ಶೀಷೆಗೆ ಸುಂಕ ಶೇ. 100ಕ್ಕೆ, 15 ಡಾಲರ್ ಮೀರಿದ್ದಕ್ಕೆ ಶೇ. 75ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಅವು ಶೇ. 50 ಮತ್ತು ಶೇ. 25ಕ್ಕೆ ಬರಬೇಕು. ಅಂದರೆ ಸುಂಕದ ವಿನಾಯಿತಿ ಹೆಚ್ಚು ಸಿಕ್ಕಿದ್ದು ಅಗ್ಗದ ಶೀಷೆಗಲ್ಲ, ಒಂದು ಮೆಟ್ಟಿಲು ಮೇಲಿನದಕ್ಕೆ. ಆಸ್ಟ್ರೇಲಿಯಾದವರು ಸಿರಾ ತಳಿಯನ್ನು ಹೆಚ್ಚಾಗಿ ಶಿರಾಜ್ ಎನ್ನುತ್ತಾರೆ. ಬಿಸಿಲ ಸೀಮೆ ಬರೋಸಾ ಬಿಟ್ಟು ಯಾರಾ ಕಣಿವೆ, ಗ್ರ್ಯಾಂಪಿಯನ್ಸ್, ಕ್ಯಾನ್‌ಬೆರಾ ಎಂಬ ಹೆಸರು ನೋಡಿ.

5. ಮನೆ ಹತ್ತಿರದ್ದನ್ನು ಮೊದಲು ರುಚಿ ನೋಡಿ

ಆಮದು ಸುಂಕವೇ ಇಲ್ಲದ ಸಿರಾ ನಂದಿ ಬೆಟ್ಟದ ತಪ್ಪಲಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಭಾಗಕ್ಕೆ ದಾರಿ ತೋರಿಸಿದ್ದು 1988ರಲ್ಲಿ ಶುರುವಾದ ಗ್ರೋವರ್ ವೈನರಿ. ಅವರ ಲಾ ರಿಸರ್ವ್ ವೈನ್ ಕ್ಯಾಬರ್ನೆ ಮತ್ತು ಶಿರಾಜ್ ತಳಿಗಳ ಬೆರಕೆ. ಬರೀ ಸಿರಾ ಬೇಕಾದವರಿಗೆ ಅದೇ ತಪ್ಪಲಿನ ಎಸ್‌ಡಿಯು ಇದೆ. ನಮ್ಮೂರಿಗೆ ಹತ್ತಿರ ಹಂಪಿ ಕಡೆಯ ಕೃಷ್ಮಾ. ಆದರೆ ಅದರ ಹೆಸರು ಮುಖ್ಯವಾಗಿ ಕ್ಯಾಬರ್ನೆಯಿಂದ ಬಂದದ್ದು. ನಂದಿಯ ಸಿರಾದಲ್ಲಿ ರೋನ್‌ನ ಬಿಗಿ ನಿರೀಕ್ಷಿಸಬೇಡಿ. ಹಣ್ಣು ಸ್ವಲ್ಪ ಮುಂದೆ, ಮೆಣಸು ಸ್ವಲ್ಪ ಹಿಂದೆ. ಅದೇ ಬೆಲೆಯ ಆಮದು ಶೀಷೆಯ ಪಕ್ಕ ಇಟ್ಟು ನೋಡಿ, ಬಹಳ ಸಲ ನಂದಿಯೇ ಗೆಲ್ಲುತ್ತದೆ.

6. ಚೀಟಿಯ ಸಣ್ಣ ಅಕ್ಷರ ಓದಿ

ಆಲ್ಕೋಹಾಲ್ ಶೇ. 12.5ರಿಂದ 13.5ರ ಒಳಗಿದ್ದರೆ ಹಣ್ಣು ತಂಪಿನಲ್ಲಿ ಮಾಗಿರುವ ಸಾಧ್ಯತೆ ಹೆಚ್ಚು. ಶೇ. 14.5 ದಾಟಿದ್ದರೆ ಬಿಸಿಲು ಜಾಸ್ತಿ ಕಂಡದ್ದು. ಇದು ಸುಳಿವು ಮಾತ್ರ, ತೀರ್ಪಲ್ಲ. ಕೊಯ್ಲಿನ ವರ್ಷವನ್ನೂ ನೋಡಿ. ಸಾಧಾರಣ ಬೆಲೆಯ ಶೀಷೆ ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತರೆ ಬೆಳೆಯುವುದಿಲ್ಲ, ಬಾಡುತ್ತದೆ.

7. ಶೀಷೆ ಎಲ್ಲಿ ನಿಂತಿತ್ತು ಎಂದು ಕೇಳಿ

ನಮ್ಮ ಕಡೆ "ವೈನ್ಸ್" ಎಂಬ ಬೋರ್ಡಿನ ಅಂಗಡಿಯಲ್ಲಿ ಅಪರೂಪಕ್ಕೆ ಸಿಗುವುದೇ ವೈನ್. ಸಿಕ್ಕರೂ ಅದು ಬಿಸಿಲು ಬೀಳುವ ಮೇಲಿನ ಹಲಗೆಯಲ್ಲಿ ನಿಂತಿರುತ್ತದೆ. ಬಿರಡೆ ಮೇಲೆದ್ದಿದ್ದರೆ, ಕೊರಳಿನಲ್ಲಿ ಅಂಟು ಇಳಿದಿದ್ದರೆ ವೈನ್ ಕಾದಿರುವ ಸಾಧ್ಯತೆ ಹೆಚ್ಚು. ಅರ್ಧ ಬೆಲೆಗೆ ಕೊಟ್ಟರೂ ಬೇಡ. ಬೇಸಿಗೆಯಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಶೀಷೆ ಸಾಗಿಸಬೇಡಿ, ರಾತ್ರಿ ಪ್ರಯಾಣ ಮಾಡಿ. ಬಳ್ಳಾರಿಯಲ್ಲಿ ಕೊಂಡದ್ದನ್ನು ಗಡಿ ದಾಟಿಸುವ ಮುನ್ನ ಆಂಧ್ರದ ಅಬಕಾರಿ ನಿಯಮ ಕೇಳಿಕೊಳ್ಳಿ.

8. ತಣಿಸಿ ಕುಡಿಯಿರಿ, ಮರುದಿನ ತೀರ್ಮಾನಿಸಿ

ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕೆಂಬ ಮಾತು ಯುರೋಪಿನ ಚಳಿಯ ಕೋಣೆಗಳಿಗೆ ಹೇಳಿದ್ದು. ನಮ್ಮಲ್ಲಿ ಬಗ್ಗಿಸುವ ಮುನ್ನ ಫ್ರಿಜ್ಜಿನಲ್ಲಿಟ್ಟು ತಣಿಸಿ. 16 ಡಿಗ್ರಿ ಆಸುಪಾಸು ಸಾಕು. ಜೋಳದ ರೊಟ್ಟಿ, ಎಣ್ಣೆಗಾಯಿಯ ಜೊತೆ, ಮೆಣಸು ಹಾಕಿದ ಕುರಿ ಮಾಂಸದ ಜೊತೆ ಸಿರಾ ಚೆನ್ನಾಗಿ ಹೊಂದುತ್ತದೆ. ಆದರೆ ಒಣಮೆಣಸಿನಕಾಯಿಯ ಖಾರ ಜಾಸ್ತಿಯಾದರೆ ವೈನಿನ ಒಗರೂ ಉರಿಯೂ ಎದ್ದು ಕಾಣುತ್ತವೆ. ಅಂಥ ಊಟಕ್ಕೆ ಆಲ್ಕೋಹಾಲ್ ಕಡಿಮೆ ಇರುವುದನ್ನೇ ಆರಿಸಿ. ಕೊನೆಗೆ, ಹೋಟೆಲಿಗೆ ಹತ್ತಾರು ಶೀಷೆ ತರಿಸುವ ಮುನ್ನ ನಾನು ಮಾಡುವ ಪರೀಕ್ಷೆ ಇದು: ಶೀಷೆಗೆ ಪೇಪರ್ ಸುತ್ತಿ, ಹೆಸರು ಬೆಲೆ ಮುಚ್ಚಿ ಕುಡಿಸುತ್ತೇನೆ. ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ಮತ್ತೆ ಕುಡಿಸುತ್ತೇನೆ. ಮೊದಲ ದಿನ ಮೆಚ್ಚಿಸುವ ವೈನ್ ಬೇಕಾದಷ್ಟಿವೆ. ಎರಡನೇ ದಿನವೂ ಹುಳಿ, ಮೆಣಸು ಎರಡನ್ನೂ ಉಳಿಸಿಕೊಂಡಿರುವುದನ್ನು ಮಾತ್ರ ತರಿಸುತ್ತೇನೆ. ಬೆಲೆ ನೋಡಲು ಪೇಪರ್ ಬಿಚ್ಚುವುದು ಅದಾದ ಮೇಲೆ.