ಒಲೆಗೆ ಹಾಕುವ ಮೊದಲು

ಅನಗೋಳದಲ್ಲಿ ಜೋರು ಮಳೆ. ಕಟ್ಟಿಗೆ ಹಸಿ. ಸ್ನಾನಕ್ಕೆ ನೀರು ಕಾಯಿಸಬೇಕು. ಬೇಗ ಉರಿ ಹತ್ತಲಿ ಎಂದು ನಾವು ಚಿಪ್ಸ್ ಪಾಕೀಟು ಒಲೆಗೆ ಹಾಕುತ್ತೇವೆ. ಉರಿ ಹತ್ತುತ್ತದೆ. ಕಪ್ಪು ಹೊಗೆಯೂ ಏಳುತ್ತದೆ. ಮಗು ಕೆಮ್ಮುತ್ತದೆ.

"ಬಿಡ್ರಿ ಅಕ್ಕಾರ, ಇಷ್ಟು ಸಣ್ಣ ಪಾಕೀಟಿನ್ಯಾಗ ಏನೈತಿ?" ಎನ್ನುತ್ತೇವೆ. ಏನಿದೆ, ನೋಡೋಣ ಬನ್ನಿ.

ಪ್ಲಾಸ್ಟಿಕ್ ಮೊದಲು ಸಾಬೂದಾಣಿಯಂಥ ಕಾಳು. ಅದನ್ನು ಯಂತ್ರದಲ್ಲಿ ಕರಗಿಸುತ್ತಾರೆ. ಗಾಳಿ ಊದುತ್ತಾರೆ. ಅದು ಬಲೂನಿನಂತೆ ಉಬ್ಬಿ ತೆಳ್ಳಗಾಗುತ್ತದೆ. ಹಾಲಿನ ಪಾಕೀಟಿನ ಹಾಳೆ ಹೀಗೆ ಆಗುತ್ತದೆ.

ಚಿಪ್ಸ್ ಪಾಕೀಟು ಬೇರೆ. ಅದರಲ್ಲಿ ಬೇರೆ ಬೇರೆ ಪದರು ಇವೆ. ಹೊರಪದರಿನ ಒಳಮೈಗೆ ಬಣ್ಣದ ಚಿತ್ರ ಒತ್ತುತ್ತಾರೆ. ನಾವು ರಂಗೋಲಿ ಕೊಳವೆ ಉರುಳಿಸುತ್ತೇವಲ್ಲ, ಹಾಗೆಯೇ ಕೆತ್ತಿದ ಉರುಳೆ ಉರುಳುತ್ತದೆ. ಒಳಗೆ ಹೊಳೆಯುವುದು ಬೆಳ್ಳಿಯಲ್ಲ, ಅಲ್ಯೂಮಿನಿಯಂ. ಅದು ತೇವ ತಡೆಯುತ್ತದೆ. ಚಿಪ್ಸ್ ಮೆತ್ತಗಾಗುವುದಿಲ್ಲ. ಎಲ್ಲ ಪದರು ಅಂಟಿಸಿದರೂ ದಪ್ಪ ಸುಮಾರು ಒಂದು ಕೂದಲಿನಷ್ಟೇ!

ನಾವೇ ಪರೀಕ್ಷೆ ಮಾಡೋಣ.

1. ಹಾಲಿನ ಪಾಕೀಟು ಎಳೆಯಿರಿ. ಅದು ಹಿಗ್ಗುತ್ತದೆ. ಚಿಪ್ಸ್ ಪಾಕೀಟು ಎಳೆಯಿರಿ. ಅದು ಅಷ್ಟು ಹಿಗ್ಗುವುದಿಲ್ಲ.

2. ಚಿಪ್ಸ್ ಪಾಕೀಟಿನ ಚಿತ್ರ ಉಗುರಿನಿಂದ ಕೆರೆಯಿರಿ. ಬಣ್ಣ ಹೋಗುವುದಿಲ್ಲ. ಚಿತ್ರ ಪದರಿನ ನಡುವೆ ಇದೆ.

3. ಅದನ್ನು ಮುಷ್ಟಿಯಲ್ಲಿ ಮುದುಡಿ ಬಿಡಿ. ಮತ್ತೆ ಬಿಚ್ಚಿಕೊಳ್ಳುತ್ತದೆ. ಕಾಗದದಂತೆ ಕಂಡರೂ ಅದು ಪ್ಲಾಸ್ಟಿಕ್!

ಹಾಲಿನ ಪಾಕೀಟನ್ನು ಮತ್ತೆ ಕರಗಿಸಬಹುದು. ಕತ್ತರಿಸುವಾಗ ಮೂಲೆಯ ಚೂರು ಬೇರೆ ಮಾಡಬೇಡಿ. ತೊಳೆದು, ಒಣಗಿಸಿ ಗುಜರಿಗೆ ಕೊಡಿ. ನಾಲ್ಕು ಕಾಸು ಬರುತ್ತದೆ. ಚಿಪ್ಸ್ ಪಾಕೀಟಿನ ಪದರು ಬಿಡಿಸುವುದು ಕಷ್ಟ. ಗುಜರಿಯವರು ಸಾಮಾನ್ಯವಾಗಿ ಕೊಳ್ಳುವುದಿಲ್ಲ. ಅದನ್ನು ಒಣ ಕಸದಲ್ಲಿ ಇಟ್ಟು ಕಸದ ಗಾಡಿಗೆ ಕೊಡಿ.

ಎರಡನ್ನೂ ಒಲೆಗೆ ಮಾತ್ರ ಹಾಕಬೇಡಿ. ಪ್ಲಾಸ್ಟಿಕ್ ಹೊಗೆಯಲ್ಲಿ ವಿಷ ಇದೆ. ಒಲೆಯ ಮುಂದೆ ಕೂಡುವವರು ನಾವು. ಮೊದಲು ಅದು ನಮ್ಮ ಎದೆಗೆ ಹೋಗುತ್ತದೆ. ಆಮೇಲೆ ಮಕ್ಕಳ ಎದೆಗೆ.

ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ ಕಸದ ವಿಷಯಕ್ಕೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಮೊಕದ್ದಮೆಯಲ್ಲಿ 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶ ಬಂತು. ಬಯಲಿನಲ್ಲಿ ಕಸ ಸುಡಬಾರದು, ಸುಟ್ಟರೆ 5,000 ರೂಪಾಯಿ ದಂಡ ಎಂದಿತು. ಒಬ್ಬ ಹೆಣ್ಣುಮಗಳು ಇಡೀ ದೇಶಕ್ಕೆ ಹೇಳಿಸಿದಳು. ನಮ್ಮ ಒಲೆಗೆ ನಾವು ಹೇಳಲಾರೆವೆ?

ಮಳೆಗಾಲದ ಮೊದಲೇ ತೆಂಗಿನ ನಾರು, ಒಣ ಕುಳ್ಳು ಕೂಡಿಡೋಣ. ಉರಿ ಹತ್ತಲು ಅಷ್ಟು ಸಾಕು.

ಹೇಳಿ ನೋಡೋಣ:
ನಿಮ್ಮ ಮನೆಯಲ್ಲಿ ನಿನ್ನೆ ಎಷ್ಟು ಪಾಕೀಟು ಬಂದವು? ಅವು ಎಲ್ಲಿ ಹೋದವು?