ಕ್ಯಾಬಿನೆಟ್ಟಿಗೂ ಬಜೆಟ್ಟಿನಲ್ಲಿ ಪಾಲಿರಲಿ

ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೋದರೆ ಅಂಗಡಿಯವರು ಬರೆದುಕೊಡುವ ಕೊಟೇಶನ್ನಿನಲ್ಲಿ ಕ್ಯಾಬಿನೆಟ್ ಇರುವುದು ಕೊನೆಯ ಸಾಲಿನಲ್ಲಿ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಮುಗಿದ ಮೇಲೆ ಏನು ಮಿಕ್ಕಿದೆಯೋ ಅಷ್ಟರಲ್ಲಿ ಒಂದು ಡಬ್ಬಿ. ನಾನು ಕೊಟೇಶನ್ ಓದುವುದು ಕೆಳಗಿನಿಂದ ಮೇಲಕ್ಕೆ. ಮೊದಲು ಕ್ಯಾಬಿನೆಟ್, ಆಮೇಲೆ ಒಳಗಿನ ಭಾಗಗಳಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್, ಉಳಿದದ್ದೆಲ್ಲ ಅದರ ನಂತರ. ಸೊರಬ ಕಡೆಯ ಕ್ಯಾಸನೂರಿನಂಥ ಊರಲ್ಲಿ ಕೂತು ಕಂಪ್ಯೂಟರಿನಿಂದಲೇ ಅನ್ನ ಸಂಪಾದಿಸುವವರಿಗೆ ಇದೇ ಲಾಭದ ದಾರಿ.

ಶಿವಮೊಗ್ಗದ ಅಂಗಡಿಯಲ್ಲಿ ನಾನು ಏಳೂವರೆ ಸಾವಿರದ ಕ್ಯಾಬಿನೆಟ್ ಕೇಳಿದಾಗ ಕೌಂಟರಿನಲ್ಲಿದ್ದವರಿಗೆ ಆಶ್ಚರ್ಯ. “ಬರೀ ಡಬ್ಬಿಗ್ಯಾಕೆ ಸರ್ ಅಷ್ಟು ದುಡ್ಡು? ಎರಡು ಸಾವಿರದ್ದು ತಗೊಳ್ಳಿ, ಮಿಕ್ಕಿದ್ದನ್ನ ಪ್ರೊಸೆಸರಿಗೆ ಹಾಕಣ” ಎಂದರು. ಕಾಳಜಿಯ ಮಾತೇ. ಆದರೆ ಪ್ರೊಸೆಸರಿನ ಆಯಸ್ಸು ಬೇರೆ, ಕ್ಯಾಬಿನೆಟ್ಟಿನ ಆಯಸ್ಸು ಬೇರೆ. ಇಂಟೆಲ್ ಕಂಪನಿ ಎಟಿಎಕ್ಸ್ ಅಳತೆಯನ್ನು ಹೊರತಂದದ್ದು 1995ರಲ್ಲಿ: ಬೋರ್ಡು 305ಕ್ಕೆ 244 ಮಿಲಿಮೀಟರ್, ಸ್ಕ್ರೂ ತೂತುಗಳ ಜಾಗವೂ ನಿಗದಿ. ಇವತ್ತು ಮಾರುಕಟ್ಟೆಗೆ ಬರುವ ಎಟಿಎಕ್ಸ್ ಬೋರ್ಡುಗಳೂ ಅದೇ ಅಳತೆಯಲ್ಲಿವೆ. ನಮ್ಮ ಮನೆಯಲ್ಲಿ ಪ್ರೊಸೆಸರ್ ಬದಲಾಯಿತು, ಬೋರ್ಡ್ ಬದಲಾಯಿತು, ಡಿಸ್ಕ್ ಬದಲಾಯಿತು. ಕ್ಯಾಬಿನೆಟ್ ಅದೇ ಇದೆ.

ಆದಾಯ ತೆರಿಗೆಯ ಲೆಕ್ಕ ಈ ವ್ಯತ್ಯಾಸವನ್ನು ನೋಡುವುದಿಲ್ಲ. ವೃತ್ತಿಯ ಲೆಕ್ಕಪುಸ್ತಕ ಇಡುವವರು ಕಂಪ್ಯೂಟರಿಗೆ ವರ್ಷಕ್ಕೆ ಶೇ. 40ರಷ್ಟು ಸವಕಳಿ ತೋರಿಸಬಹುದು. ಪುಸ್ತಕದಲ್ಲಿ ಐದು ವರ್ಷ ಕಳೆದರೆ ನೂರು ರೂಪಾಯಿಯಲ್ಲಿ ಎಂಟು ರೂಪಾಯಿಯೂ ಉಳಿದಿರುವುದಿಲ್ಲ. ಪ್ರೊಸೆಸರಿಗೆ ಇದು ಹೆಚ್ಚುಕಡಿಮೆ ನಿಜ. ಗಟ್ಟಿ ತಗಡಿನ ಕ್ಯಾಬಿನೆಟ್ ಮಾತ್ರ ಪುಸ್ತಕದಲ್ಲಿ ಸೊನ್ನೆಯ ಹತ್ತಿರ ಬಂದ ಮೇಲೂ ಮೇಜಿನ ಕೆಳಗೆ ದುಡಿಯುತ್ತಲೇ ಇರುತ್ತದೆ. ಹಾಗಾಗಿ ಮನಸ್ಸಿನ ಲೆಕ್ಕದಲ್ಲಿ ನಾನು ಅದನ್ನು ಕಂಪ್ಯೂಟರಿನ ಖರ್ಚಿಗೆ ಸೇರಿಸುವುದಿಲ್ಲ. ಮೇಜು, ಕುರ್ಚಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತೇನೆ.

ಇನ್ನು ಸದ್ದಿನ ಮಾತು. ಪುಸ್ತಕಗಳ ಪುಟವಿನ್ಯಾಸದ ಜೊತೆಗೆ ಮಕ್ಕಳ ಕಥೆಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸುವುದೂ ನನ್ನ ಕೆಲಸ. ಮಳೆಗಾಲದಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯೇ ಮೈಕನ್ನು ತುಂಬುತ್ತದೆ, ಆಗ ರೆಕಾರ್ಡಿಂಗ್ ಇಲ್ಲ. ಚಳಿಗಾಲದ ರಾತ್ರಿ ಊರು ಮಲಗಿದ ಮೇಲೆ ಕೆಲಸ ನಡೆಯಬೇಕು. ಆ ನಿಶ್ಶಬ್ದದಲ್ಲಿ ಕಂಪ್ಯೂಟರಿನ ಗುಂಯ್ ಎನ್ನುವ ಸದ್ದು ಪ್ರತಿ ವಾಕ್ಯದ ಹಿಂದೆ ಕೂತುಬಿಡುತ್ತದೆ. ಸಾಫ್ಟ್‌ವೇರಿನಲ್ಲಿ ತೆಗೆದರೆ ದನಿಯೂ ಸೊರಗುತ್ತದೆ. ಕೆಲಸ ವಾಪಸ್ ಬಂದರೆ ಮತ್ತೆ ಓದಬೇಕು, ಅದಕ್ಕೆ ಯಾರೂ ಬೇರೆ ದುಡ್ಡು ಕೊಡುವುದಿಲ್ಲ.

ಸದ್ದಿಗೂ ಜಾಗಕ್ಕೂ ನೇರ ನಂಟಿದೆ. ಇಕ್ಕಟ್ಟಿನ ಕ್ಯಾಬಿನೆಟ್ಟಿಗೆ 80 ಮಿಲಿಮೀಟರಿನ ಫ್ಯಾನೇ ಗತಿ. 120 ಮಿಲಿಮೀಟರಿನ ಫ್ಯಾನಿಗೆ ಅದರ ಎರಡೂಕಾಲು ಪಟ್ಟು ಹರವು, ಹಾಗಾಗಿ ನಿಧಾನಕ್ಕೆ ತಿರುಗಿದರೂ ಅಷ್ಟೇ ಗಾಳಿ ಬರುತ್ತದೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬಲ್ ಕಡಿಮೆ. ಹತ್ತು ಡೆಸಿಬಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ವೇಗ ಇಳಿಸುವ ಸೆಟ್ಟಿಂಗ್ ಬಯೋಸ್‌ನಲ್ಲೇ ಇದೆ, ಪುಕ್ಕಟೆ. ಹಳೆಯ ಹಾರ್ಡ್ ಡಿಸ್ಕ್ ಇಟ್ಟುಕೊಂಡವರು ಇನ್ನೊಂದನ್ನು ನೋಡಬೇಕು: ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸಲ ನಡುಗುತ್ತದೆ, ತೆಳು ತಗಡು ಆ ನಡುಕವನ್ನೇ ದೊಡ್ಡದು ಮಾಡಿ ಮೊಳಗಿಸುತ್ತದೆ. ಡಿಸ್ಕ್ ಕೂರುವಲ್ಲಿ ರಬ್ಬರ್ ವಾಷರ್ ಇದೆಯೇ ನೋಡಿ. ಅಂಗಡಿಯಲ್ಲೇ ಪಕ್ಕದ ಬಾಗಿಲನ್ನು ಬೆರಳಿನಿಂದ ತಟ್ಟಿದರೆ ತಗಡಿನ ಯೋಗ್ಯತೆ ಗೊತ್ತಾಗುತ್ತದೆ.

ಮುಂಭಾಗ ಪೂರ್ತಿ ಮುಚ್ಚಿ ಒಳಗೆ ಫೋಮ್ ಅಂಟಿಸಿದ ‘ಸೈಲೆಂಟ್’ ಕ್ಯಾಬಿನೆಟ್ಟುಗಳೂ ಸಿಗುತ್ತವೆ. ಏಸಿ ಕೋಣೆಗೆ ಅವು ಒಳ್ಳೆಯವೇ. ನಮ್ಮ ಏಪ್ರಿಲ್ ಸೆಕೆಯಲ್ಲಿ ಗಾಳಿಗೆ ದಾರಿಯಿಲ್ಲದಿದ್ದರೆ ಒಳಗಿನ ಫ್ಯಾನುಗಳು ಜೋರಾಗಿ ತಿರುಗಲೇಬೇಕು, ಫೋಮಿಗೆ ಕೊಟ್ಟ ದುಡ್ಡು ಅಲ್ಲಿಗೆ ದಂಡ. ನನ್ನ ಆಯ್ಕೆ ಮುಂದೆ ಜಾಲರಿ, ಅದರ ಹಿಂದೆ ಎಳೆದು ತೊಳೆಯಬಹುದಾದ ಫಿಲ್ಟರ್. ಸೊರಬ, ಶಿಕಾರಿಪುರ ಕಡೆಯ ಮನೆಗಳಿಗೆ ಈ ಫಿಲ್ಟರ್ ಎಂಥ ಉಪಕಾರ ಎಂಬುದು ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಕಾಣುತ್ತದೆ. ಬೀದಿಯಲ್ಲಿ ಮಷಿನ್ ಓಡಿದ ವಾರ ನನ್ನ ಫಿಲ್ಟರ್ ಎಳೆದರೆ ದಿಂಡಿನ ನವಿರು ಹೊಟ್ಟು, ಬಚ್ಚಲ ಒಲೆಯ ಮಸಿ, ಅಂಗಳದ ಕೆಂಪು ಧೂಳು ಎಲ್ಲ ಕೂಡಿ ಕಂಬಳಿಯಂತೆ ಒಂದೇ ಪದರಾಗಿ ಎದ್ದು ಬರುತ್ತದೆ. ಅದು ಬೋರ್ಡಿನ ಮೇಲೆ ಕೂತು ಜೂನಿನ ಥಂಡಿಗೆ ನೆನೆದರೆ ತುಕ್ಕಿಗೆ ಅಷ್ಟೇ ಸಾಕು. ಹಿಂಭಾಗದಲ್ಲಿ ಬಳಸದ ಸ್ಲಾಟುಗಳಿಗೆ ಮುಚ್ಚುಪಟ್ಟಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ ಒಳಗೆ ಸೇರುತ್ತದೆ, ಬೋರ್ಡ್ ಶಾರ್ಟ್ ಆಗುತ್ತದೆ. ಗಾಜಿನ ಬಾಗಿಲಿಗೂ ಬಣ್ಣದ ದೀಪಗಳಿಗೂ ನಾನು ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ. ಶಿವಮೊಗ್ಗದಿಂದ ಬಸ್ಸಿನ ಲಗೇಜಿನಲ್ಲಿ ಬರುವ ಸಾಮಾನಿಗೆ ಗಾಜು ಏಕೆ?

ಪಕ್ಕದ ಮನೆಯ ಹುಡುಗ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್‌ ಹ್ಯಾಂಡ್ ಆಫೀಸ್ ಸಿಸ್ಟಮ್ ಅಗ್ಗಕ್ಕೆ ಸಿಗುತ್ತದೆಂದು ಕೇಳಲು ಬಂದಿದ್ದ. “ಅಣ್ಣ, ಚಿಕ್ಕದು, ಸದ್ದೂ ಇಲ್ಲ. ತಗೊಳ್ಳಲಾ?” ಓದಿಗೆ ಸಾಕು, ತಗೋ ಎಂದೆ, ಆದರೆ ಡಬ್ಬಿ ಬಿಚ್ಚಿ ಅದರ ಎಸ್‌ಎಂಪಿಎಸ್ ನೋಡಿ ತಗೋ ಎಂದೂ ಹೇಳಿದೆ. ಅಂಥ ಎಷ್ಟೋ ಪುಟ್ಟ ಡಬ್ಬಿಗಳಲ್ಲಿ ಎಸ್‌ಎಂಪಿಎಸ್, ಬೋರ್ಡ್ ಎರಡೂ ಆ ಕಂಪನಿಯದೇ ಅಳತೆ. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿಗೆ ಎಸ್‌ಎಂಪಿಎಸ್ ಹೋದರೆ ಸೊರಬದಲ್ಲಾಗಲಿ ಶಿರಾಳಕೊಪ್ಪದಲ್ಲಾಗಲಿ ಅದಕ್ಕೆ ಹೊಂದುವುದನ್ನು ಹುಡುಕುವುದು ಕಷ್ಟ, ಅಷ್ಟು ದಿನ ಕೆಲಸ ನಿಂತಂತೆ. ಎಟಿಎಕ್ಸ್ ಕ್ಯಾಬಿನೆಟ್ಟಿಗಾದರೆ ಯಾವ ಕಂಪ್ಯೂಟರ್ ಅಂಗಡಿಯ ಎಟಿಎಕ್ಸ್ ಎಸ್‌ಎಂಪಿಎಸ್ ಆದರೂ ಕೂರುತ್ತದೆ. ಒಳಗೆ ಕೈ ಆಡುವಷ್ಟು ಜಾಗವಿದ್ದರೆ ನಾವೇ ಸ್ಕ್ರೂಡ್ರೈವರ್ ಹಿಡಿದು ಬದಲಿಸಬಹುದು, ಮೆಕ್ಯಾನಿಕ್ ಬರುವವರೆಗೆ ಕಾಯಬೇಕಾಗಿಲ್ಲ.

ಹಳೆಯ ಮನೆಯವರಿಗೆ ಒಂದು ಮಾತು ಬಾಕಿ ಇದೆ. ಕ್ಯಾಬಿನೆಟ್ ಮುಟ್ಟಿದರೆ ಝುಂ ಎನ್ನುತ್ತದೆಯೇ? ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸಣ್ಣ ಕರೆಂಟು ಯಾವಾಗಲೂ ತಗಡಿಗೆ ಹರಿಯುತ್ತಿರುತ್ತದೆ. ಸಾಕೆಟ್ಟಿನ ಮೂರನೇ ತೂತಿಗೆ ನಿಜವಾದ ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಮ್ಮ ಕೈ ಹುಡುಕುತ್ತದೆ. ಒಳಗೆ ವೈರು ಸುಟ್ಟು ತಗಡಿಗೆ ತಾಗಿದ ದಿನ ಅದು ಬರೀ ಝುಂ ಆಗಿರುವುದಿಲ್ಲ. ಎಷ್ಟೋ ಹಳೆಯ ಮನೆಗಳಲ್ಲಿ ಮೂರನೇ ತೂತಿಗೆ ವೈರೇ ಎಳೆದಿರುವುದಿಲ್ಲ. ಕ್ಯಾಬಿನೆಟ್ಟಿನ ಬೆಲೆ ಚೌಕಾಸಿ ಮಾಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಗುಂಡಿ ತೋಡಿಸಬೇಕಾಗಿ ಬಂದರೆ ಆ ದುಡ್ಡನ್ನು ಪ್ರೊಸೆಸರಿನ ಪಾಲಿನಿಂದ ತೆಗೆಯಿರಿ.