ಕುಂಡದ ಗಿಡಕ್ಕೆ ಗೊಬ್ಬರ

ರಾಸಾಯನಿಕ ಗೊಬ್ಬರವೆಂದೊಡನೆ ವಿಷವೆಂದು ಬೆಚ್ಚುವವರೂ, ಹಿಡಿಹಿಡಿಯಾಗಿ ಸುರಿದು ಫಲವನ್ನು ನಿರೀಕ್ಷಿಸುವವರೂ ಒಂದು ಸಂಗತಿಯನ್ನು ಮರೆಯುತ್ತಾರೆ: ಸೆಗಣಿಯಿಂದ ಬಂದ ಸಾರಜನಕವಾಗಲಿ, ಯೂರಿಯಾದಿಂದ ಬಂದುದಾಗಲಿ, ಬೇರು ಅದನ್ನು ಬಹುಮಟ್ಟಿಗೆ ನೈಟ್ರೇಟ್ ಹಾಗೂ ಅಮೋನಿಯಂ ರೂಪದಲ್ಲಿಯೇ ಹೀರುತ್ತದೆ. ಅಪಾಯವಿರುವುದು ಪ್ರಮಾಣದಲ್ಲಿ. ನೂರಕ್ಕೆ 46 ಪಾಲು ಸಾರಜನಕವುಳ್ಳ ಯೂರಿಯಾವನ್ನು ಹೊಲದಲ್ಲಿ ಚೆಲ್ಲಿದರೆ ಹರಡಿಕೊಳ್ಳಲು ನೆಲವುಂಟು. ಕುಂಡದ ಅಂಗೈಯಗಲದ ಮಣ್ಣಿನಲ್ಲಾದರೋ ಒಂದು ಚಮಚ ಹೆಚ್ಚಾದರೂ ಲವಣಾಂಶವೇರಿ, ತೇವವಿದ್ದರೂ ಬೇರಿಗೆ ನೀರು ದಕ್ಕದೆ, ಎಲೆಯಂಚು ಕಂದಿ ಸುಟ್ಟಂತಾಗುವುದು. ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪಿನ ಪೊರೆ ಕಂಡೊಡನೆ ಗೊಬ್ಬರವನ್ನು ನಿಲ್ಲಿಸಿ, ತಳದ ರಂಧ್ರದಿಂದ ಹರಿದುಹೋಗುವಂತೆ ಧಾರಾಳವಾಗಿ ನೀರೆರೆಯಿರಿ. ಪಾಲಕ್ ಮೊದಲಾದ ಸೊಪ್ಪುಗಳು ಮಿಕ್ಕ ನೈಟ್ರೇಟನ್ನು ಎಲೆಯಲ್ಲಿಯೇ ಕೂಡಿಡುವುದರಿಂದ ಅವಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವೇ ಲೇಸು. ಹಸಿ ಸೆಗಣಿ ಮಾತ್ರ ಬೇಡ, ಹಸಿಯಾಗಿಯೇ ತಿನ್ನುವ ಕೊತ್ತಂಬರಿಗಂತೂ ಅದರ ರೋಗಾಣುಗಳು ಅಂಟಿಕೊಂಡು ಊಟದ ಎಲೆಯವರೆಗೂ ಬಂದಾವು.